ಮೂವತ್ತಾರಕ್ಕೆ ಹತ್ತಿಸಿದ ಕೈ

"ಕೈ ತೆಗಿ! ತೆಗಿ ಅಂದ್ನಲ್ಲ, ಇನ್ನೂ ಹತ್ತಿಸ್ಬೇಡ!"

ಭಾವ ಕೂಗಿದ ರಭಸಕ್ಕೆ ನಾನು ಬೆಚ್ಚಿಬಿದ್ದು ಗುಂಡಿಯನ್ನು ಇನ್ನೊಂದು ಸುತ್ತು ತಿರುಗಿಸಿಬಿಟ್ಟೆ. ಎದುರಿನ ಪರದೆಯಲ್ಲಿ ವಿಮಾನ ಮೂತಿ ಮೇಲೆತ್ತಿತು. ಸ್ವಲ್ಪ ದೂರ ಹತ್ತಿತು. ಆಮೇಲೆ ವೇಗ ಕಳೆದುಕೊಂಡು ಗಡಗಡ ನಡುಗುತ್ತಾ, ಬಾಲ ತುಳಿದ ಬೆಕ್ಕಿನಂತೆ ಕಿರುಚತೊಡಗಿತು.

"ನೋಡಿದ್ಯಾ ಲಾಯರಮ್ಮ? ಹೊಟ್ಟೆ ತುಂಬ ಎಣ್ಣೆ ಕುಡ್ಕೊಂಡಿದೆ. ಈಗ್ಲೇ ಹತ್ತು ಅಂದ್ರೆ ಎಲ್ಲಿಂದ ಹತ್ತುತ್ತೆ, ಪಾಪ? ತುಂಬಿದ ಲಾರೀನ ಟಾಪ್ ಗೇರಲ್ಲಿ ದಿಣ್ಣೆ ಹತ್ತಿಸಿದ ಹಾಗಾಯ್ತು!"

ಭಾವ ಎಂದರೆ ನನ್ನ ಅಕ್ಕನ ಗಂಡ. ಜೀವಮಾನವಿಡೀ ಡ್ರೈವಿಂಗ್ ಸ್ಕೂಲ್ ನಡೆಸಿ, ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಕಲಿಸಿ, ಈಗ ಹಿಂದಿನ ಕೋಣೆಯಲ್ಲಿ ಹಳೇ ಕಾರಿನ ಸೀಟೊಂದನ್ನು ನೆಲಕ್ಕೆ ಬಿಗಿದು ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುತ್ತಾರೆ. ನೆಲ ಬಿಟ್ಟು ಒಂದಂಗುಲವೂ ಏಳದ ವಿಮಾನ. ಆದರೆ ಅವರ ಮುಖದ ಗಾಂಭೀರ್ಯ ನೋಡಿದರೆ, ಬೆನ್ನ ಹಿಂದೆ ಒಂದು ವಿಮಾನದ ತುಂಬ ಜನ ಬೆಲ್ಟು ಕಟ್ಟಿಕೊಂಡು ಕೂತಿದ್ದಾರೆ ಅನ್ನಬೇಕು.

ಲಾಯರಮ್ಮ ಅಂದರೆ ನಾನು. ಚಿಕ್ಕಂದಿನಿಂದ ಪ್ರತಿಯೊಂದಕ್ಕೂ ವಾದ ಮಾಡುತ್ತಿದ್ದೆನೆಂದು ಭಾವ ಇಟ್ಟ ಹೆಸರು. ದೊಡ್ಡವಳಾಗಿ ಲಾಯರ್ ಆಗಲಿಲ್ಲ, ಖಾಸಗಿ ಪತ್ತೇದಾರಳಾದೆ. ಹೆಸರು ಮಾತ್ರ ಹಾಗೇ ಉಳಿಯಿತು.

ಆವತ್ತು ನನ್ನ ಮನಸ್ಸು ಹೂವಿನಷ್ಟು ಹಗುರವಾಗಿತ್ತು. ಹಿಂದಿನ ದಿನವಷ್ಟೇ ಭಾವನ ಕೊರಳಿಗೆ ಬಿದ್ದಿದ್ದ ಕುಣಿಕೆಯನ್ನು ನಾನೇ ಬಿಡಿಸಿದ್ದೆ. ಕ್ಯಾಪ್ಟನ್ ಅವರ ಮಹಡಿ ಹಾಲಿಗೆ ಬೆಂಕಿ ಇಟ್ಟ ಆರೋಪ ಭಾವನ ಮೇಲಿತ್ತು.

ಕ್ಯಾಪ್ಟನ್ ನಿವೃತ್ತ ಪೈಲಟ್. ಎರಡು ಬೀದಿ ಆಚೆ, ಮಹಡಿಯ ಮೇಲಿನ ಹಾಲಿನಲ್ಲಿ ಸಿಮ್ಯುಲೇಟರ್ ಹುಚ್ಚಿನವರ ಕೂಟ ನಡೆಸುತ್ತಾರೆ. ಅವರು ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಂಟ್ರೋಲರ್ ಆಗಿ ಕೂತರೆ, ಉಳಿದವರು ತಂತಮ್ಮ ಮನೆಯಿಂದ ಹಾರಿಸುತ್ತಾರೆ. ಇಷ್ಟು ಎತ್ತರಕ್ಕೆ ಹತ್ತಿ, ಇಲ್ಲೇ ಇರಿ, ಈಗ ಬೇಡ ಎಂದೆಲ್ಲ ಅಪ್ಪಣೆ ಕೊಡುವುದು ಅವರೇ. ಬೆಂಕಿ ಬಿದ್ದ ಸಂಜೆ ಹಾರುತ್ತಿದ್ದದ್ದು ಭಾವ ಒಬ್ಬರೇ.

ಯಾರೋ ಕ್ಯಾಪ್ಟನ್ ತಲೆಗೆ ಹೊಡೆದು, ಸೀಮೆಎಣ್ಣೆ ಸುರಿದು, ಬಾಗಿಲಿಗೆ ಹೊರಗಿನಿಂದ ಕಬ್ಬಿಣದ ಚಿಲಕ ಹಾಕಿ ಹೋಗಿದ್ದರು. ಇನ್ಯಾರೋ ಬಂದು, ಕಾದು ಕೆಂಡವಾಗಿದ್ದ ಆ ಚಿಲಕ ಎಳೆದು, ಕ್ಯಾಪ್ಟನ್‌ರನ್ನು ಹೊತ್ತು ತಂದು ಬೀದಿಯಲ್ಲಿ ಮಲಗಿಸಿ, ಹೆಸರೂ ಹೇಳದೆ ಹೊಗೆಯಲ್ಲಿ ಮಾಯವಾಗಿದ್ದರು. ಕ್ಯಾಪ್ಟನ್ ಬದುಕಿಕೊಂಡರು. ಆದರೆ ಆ ಸಂಜೆಯದು ಒಂದೂ ನೆನಪಿಲ್ಲ.

"ಒಳ್ಳೇ ಮನುಷ್ಯ ಆಗಿದ್ರೆ ಯಾಕ್ರೀ ಮಾಯ ಆಗ್ತಾನೆ?" ಎಂದು ಇನ್ಸ್‌ಪೆಕ್ಟರ್ ನನ್ನ ಮುಖಕ್ಕೇ ಕೇಳಿದ್ದರು. "ಹಚ್ಚಿದವನೇ ಹೆದರಿ ವಾಪಸ್ ಬಂದಿದ್ದಾನೆ. ಹಚ್ಚಿದವನು ಸಿಕ್ಕಿದ್ರೆ ಹೊತ್ತು ತಂದವನೂ ಸಿಕ್ಕ ಹಾಗೆ."

ಅವರ ಕಣ್ಣಿದ್ದದ್ದು ಭಾವನ ಮೇಲೆ. ಅದರ ಹಿಂದಿನ ವಾರ ಭಾವ ಎಲ್ಲರೆದುರು ಕ್ಯಾಪ್ಟನ್ ಜೊತೆ ಕೈ ಕೈ ಮಿಲಾಯಿಸುವಷ್ಟು ಜಗಳವಾಡಿದ್ದರು. "ನಿಮ್ಮ ಹಾರಾಟ ಎಲ್ಲಾ ನಾನು ಇಳಿಸ್ತೀನಿ, ನೋಡ್ತಿರಿ!" ಅಂದಿದ್ದರು. ಅಷ್ಟು ಸಾಕಲ್ಲ ಪೊಲೀಸರಿಗೆ.

ಭಾವನನ್ನು ಉಳಿಸಿದ್ದು ಕಂಪ್ಯೂಟರಿನ ಒಂದು ಗೆರೆ. ಹಾರಿದ ದಾರಿಯನ್ನೂ ಎತ್ತರವನ್ನೂ ಅದು ಗೆರೆ ಎಳೆದು ಇಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದ ಹೊತ್ತಿಗೆ ಸರಿಯಾಗಿ ಭಾವನ ವಿಮಾನ ಮೇಲಕ್ಕೆ ಹತ್ತಿತ್ತು. ಭಾವನದು ಹಳೇ ಮಾದರಿ. ಅದರ ಆಟೋಪೈಲಟ್ ನೆಟ್ಟಗೆ ಹೋಗುತ್ತದೆಯೇ ಹೊರತು ತಾನಾಗಿ ಹತ್ತುವುದಿಲ್ಲ. ಯಾರಾದರೂ ಸೀಟಿನಲ್ಲಿ ಕೂತು, ಎತ್ತರದ ಅಂಕಿ ತಿರುಗಿಸಿ, ಗುಂಡಿ ಒತ್ತಲೇಬೇಕು.

"ವಿಮಾನ ಹತ್ತಿದೆ ಅಂದ್ರೆ ಗುಂಡಿ ಮೇಲೆ ಕೈ ಇತ್ತು. ಕೈ ಇತ್ತು ಅಂದ್ರೆ ನಮ್ಮ ಭಾವ ಮನೇಲಿದ್ರು," ಎಂದು ನಾನು ಇನ್ಸ್‌ಪೆಕ್ಟರ್ ಮೇಜು ಕುಟ್ಟಿ ಹೇಳಿದ್ದೆ. ಅವರು ಬಾಯಿ ಮುಚ್ಚಿಕೊಂಡು ಭಾವನನ್ನು ಬಿಟ್ಟು ಕಳಿಸಿದ್ದರು.

ಆ ಖುಷಿಗೇ ಆವತ್ತಿನ ಪಾಠ. ನನ್ನ ಭಾವನನ್ನು ಉಳಿಸಿದ ಆ ವಿದ್ಯೆಯನ್ನು, ವಿಮಾನವನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತಿಸುವುದನ್ನು, ನಾನೂ ಕಲಿಯಬೇಕೆಂದು ಹಟ ಹಿಡಿದಿದ್ದೆ.

"ಮೊದ್ಲಿಂದ ಹೇಳ್ತೀನಿ ಕೇಳು," ಭಾವ ಇಸ್ತ್ರಿಪೆಟ್ಟಿಗೆ ತಾಗಿತೆಂದು ಬ್ಯಾಂಡೇಜ್ ಕಟ್ಟಿದ್ದ ಬಲಗೈಯನ್ನು ದೂರವಿಟ್ಟು, ಕಿರುಚುತ್ತಿದ್ದ ವಿಮಾನವನ್ನು ಎಡಗೈಯಲ್ಲೇ ಸಮಾಧಾನ ಮಾಡುತ್ತಾ ಅಂದರು. "ಹೊರಟಾಗ ಮೂವತ್ತೊಂದು ಸಾವಿರ ಅಡಿ. ಅಷ್ಟೇ ಅದರ ಶಕ್ತಿ. ಎಣ್ಣೆ ಉರಿದು ಮೈ ಹಗುರ ಆದ್ಮೇಲೆ ಮೂವತ್ಮೂರು. ಇನ್ನೂ ಹಗುರ ಆದ್ಮೇಲೆ ಮೂವತ್ತೈದು. ಹೊರಡೋಕೆ ಮುಂಚೆನೇ ಎಲ್ಲೆಲ್ಲಿ ಹತ್ತಬೇಕು ಅಂತ ಲೆಕ್ಕ ಹಾಕ್ಕೊಂಡಿರಬೇಕು."

"ಮೂವತ್ತೆರಡು, ಮೂವತ್ನಾಲ್ಕು ಏನು ಪಾಪ ಮಾಡಿದ್ವು?"

"ಅವು ಎದುರಿಂದ ಬರೋರದ್ದು ಕಣೇ. ಪೂರ್ವಕ್ಕೆ ಹೋಗೋರಿಗೆ ಬೆಸ ಅಂಕಿ, ಪಶ್ಚಿಮಕ್ಕೆ ಹೋಗೋರಿಗೆ ಸಮ. ರಸ್ತೇಲಿ ಎಡ ಬಲ ಇದ್ದ ಹಾಗೆ ಆಕಾಶದಲ್ಲಿ ಮೇಲೆ ಕೆಳಗೆ. ಆವತ್ತು ನಾನು ಪೂರ್ವಕ್ಕೆ ಹೊರಟಿದ್ದೆ. ಅದರ ಮೇಲೆ ಕ್ಯಾಪ್ಟನ್ ಹಿಂದಿನ ವಾರವೇ ಇನ್ನೊಂದು ಕಟ್ಟು ಹಾಕಿದ್ರು, ದೊಡ್ಡ ಸರೋವರ ದಾಟೋವರೆಗೂ ಯಾರೂ ಮೂವತ್ತೊಂದು ಬಿಟ್ಟು ಮೇಲೇಳಬಾರದು ಅಂತ. ಜಗಳ ಆಗಿದ್ದೇ ಅದಕ್ಕೆ. ನನ್ನ ವಿಮಾನ ಮುಂಚೆನೇ ಹಗುರ ಆಗುತ್ತೆ ಅಂತ ನಾನು, ಆಗಲ್ಲ ಅಂತ ಅವರು. ಮನೆಗೆ ಬಂದು ಲೆಕ್ಕ ಹಾಕಿದ್ರೆ ಅವರೇ ಸರಿ!"

"ಮತ್ತೆ ಸಾರಿ ಕೇಳಿದ್ರಾ?"

"ಮಾರನೇ ದಿನವೇ ಕೇಳಿದೆ. ಇಬ್ಬರೂ ಟೀ ಕುಡಿದ್ವಿ. ಅದನ್ನ ಯಾರೂ ನೋಡ್ಲಿಲ್ಲ, ಜಗಳ ಮಾತ್ರ ಊರಿಗೆಲ್ಲ ಕಾಣಿಸ್ತು." ಭಾವ ನಕ್ಕರು. "ಕಾಯೋಕೆ ಬರಬೇಕು ಲಾಯರಮ್ಮ, ಇದರಲ್ಲಿ ಬೇರೆ ಏನೂ ಇಲ್ಲ. ಕ್ಯಾಪ್ಟನ್ ತಮ್ಮ ಅಳಿಯನಿಗೂ ಕಲಿಸೋಕೆ ಹೋಗಿ ಸುಸ್ತಾಗಿಬಿಟ್ರು. ಅವನೂ ನಿನ್ನ ಹಾಗೇ, ಮೆಟ್ಟಿಲೆಲ್ಲ ಯಾಕೆ, ನೇರ ಮೇಲಕ್ಕೆ ಹೋಗೋಣ ಅನ್ನೋನು."

ಅಳಿಯನ ಹೆಸರು ತೆಗೆದಾಗ ನೆನಪಾಯಿತು, ಕ್ಯಾಪ್ಟನ್ ಮಗಳು ಗಂಡನ ಜೊತೆ ಈಗಲೋ ಆಗಲೋ ಬರುವವರಿದ್ದರು. ಈ ಕೇಸು ನನಗೆ ಕೊಟ್ಟವಳು ಆ ಹುಡುಗಿಯೇ. ಹಚ್ಚಿದವನನ್ನು ಪೊಲೀಸರು ಹುಡುಕಲಿ, ಅಪ್ಪನನ್ನು ಹೊತ್ತು ತಂದ ಪುಣ್ಯಾತ್ಮನನ್ನು ನೀವು ಹುಡುಕಿ ಅಂದಿದ್ದಳು. "ಅವರ ಕೈ ಹಿಡ್ಕೊಂಡು ಒಂದು ಸಲ ಥ್ಯಾಂಕ್ಸ್ ಹೇಳ್ಬೇಕು ಮೇಡಂ. ಇಲ್ದಿದ್ರೆ ನನಗೆ ನಿದ್ದೆ ಬರಲ್ಲ." ಇಷ್ಟು ವರ್ಷದಲ್ಲಿ ಥ್ಯಾಂಕ್ಸ್ ಹೇಳಲು ಯಾರನ್ನಾದರೂ ಹುಡುಕಿಕೊಡಿ ಎಂದು ನನ್ನ ಬಳಿ ಬಂದವಳು ಅವಳೊಬ್ಬಳೇ. ನನಗೆ ಆ ಹುಡುಗಿಯನ್ನು ಕಂಡರೆ ತುಂಬ ಇಷ್ಟ.

"ಭಾವ, ಆವತ್ತಿನ ಗೆರೆ ಇನ್ನೊಂದು ಸಲ ತೆಗೀರಿ. ಅದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕ್ತೀನಿ."

ಭಾವ ಗಡಿಯಾರದ ಕಡೆ ನೋಡಿದರು. ನಾನೇ ಮೌಸ್ ಎಳೆದುಕೊಂಡು ತೆಗೆದೆ.

ಅದೇ ಗೆರೆ. ಉದ್ದಕ್ಕೂ ಮೂವತ್ತೊಂದರಲ್ಲಿ ನೆಟ್ಟಗೆ ಬಂದು, ಒಂದು ಕಡೆ ದಿಢೀರನೆ ಮೇಲಕ್ಕೆ ಹತ್ತಿ, ತುದಿಯಲ್ಲಿ ಜೋಲಿ ಹೊಡೆದು, ಮತ್ತೆ ಕೆಳಗಿಳಿದಿತ್ತು. ಈ ಜೋಲಿಯನ್ನು ಮೊನ್ನೆಯೂ ನೋಡಿದ್ದೆ, ಅದೇನೆಂದು ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು. ಐದು ನಿಮಿಷದ ಹಿಂದೆ ನನ್ನ ಕೈಯಿಂದಲೇ ಅದು ಆಗಿತ್ತಲ್ಲ.

ಹತ್ತಿದ್ದು ಸರೋವರ ದಾಟುವುದಕ್ಕೆ ಮೊದಲು. ಹತ್ತಲು ಹೊರಟಿದ್ದ ಎತ್ತರ ಮೂವತ್ತಾರು. ಸಮ ಅಂಕಿ.

"ಭಾವ, ಇದೇನು ಮೂವತ್ತಾರು..."

"ಸಾಕು ಮುಚ್ಚು. ಅತಿಥಿಗಳು ಬರ್ತಾರೆ, ನಾನು ಸ್ನಾನ ಮಾಡ್ಬೇಕು," ಎಂದು ಭಾವ ಪರದೆ ಆರಿಸಿ ಎದ್ದೇಬಿಟ್ಟರು. ಬಲಗೈಯ ಬ್ಯಾಂಡೇಜನ್ನು ಎದೆಗೆ ಒತ್ತಿಕೊಂಡು ಬಚ್ಚಲಿನ ಕಡೆ ಹೋದರು.

ನಾನು ಸೀಟಿನಲ್ಲೇ ಕೂತಿದ್ದೆ.

ಕೆಂಪು ದೀಪ ಇದ್ದರೆ ಖಾಲಿ ರಸ್ತೆಯಲ್ಲೂ ನಿಲ್ಲುವ ಮನುಷ್ಯ ನನ್ನ ಭಾವ. ತಾವೇ ತಪ್ಪೆಂದು ಒಪ್ಪಿಕೊಂಡ ಮೇಲೆ ಕ್ಯಾಪ್ಟನ್ ಹಾಕಿದ ಕಟ್ಟನ್ನು ಮುರಿಯುವುದಿರಲಿ, ಎದುರಿಂದ ಬರುವವರ ಎತ್ತರಕ್ಕೆ ಹತ್ತಿಸುತ್ತಾರೆಯೇ? ಗುಂಡಿಯ ಮೇಲೆ ಕೈ ಇತ್ತು, ನಿಜ. ಅದು ಯಾರ ಕೈ ಎಂದು ನಾನು ಕೇಳಿಯೇ ಇರಲಿಲ್ಲ. ಮೇಜು ಕುಟ್ಟಿದ್ದೇ ಕುಟ್ಟಿದ್ದು! ನನ್ನ ತಲೆಗೆ ನಾನೇ ಎರಡು ಬಿಗಿಯಬೇಕೆನಿಸಿತು.

ನಾನು ಬೇರೆ ಮನೆ ಮಾಡಿದ ಮೇಲೆ ಈ ಮನೆಯಲ್ಲಿರುವುದು ಇಬ್ಬರೇ. ಭಾವ ಅಲ್ಲದಿದ್ದರೆ ಇನ್ನೊಬ್ಬಳು.

ಅಕ್ಕ ಊಟದ ಮೇಜಿನ ಮೇಲೆ ಹಳೇ ಕಂಬಳಿ ಹಾಸಿಕೊಂಡು ಇಸ್ತ್ರಿ ಮಾಡುತ್ತಿದ್ದಳು.

"ಅಕ್ಕಾ, ಭಾವನ ಕೈ ಹೇಗೆ ಸುಟ್ಟಿದ್ದು ಅಂದೆ?"

"ಎಷ್ಟು ಸಲ ಹೇಳ್ಬೇಕು? ಇಸ್ತ್ರಿಪೆಟ್ಟಿಗೆ ತಾಗ್ತು."

"ಆ ಮನುಷ್ಯ ಜನ್ಮದಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಿದ್ದುಂಟಾ? ಕರವಸ್ತ್ರಕ್ಕೂ ನಿನ್ನನ್ನೇ ಕರೀತಾರೆ."

ಅಕ್ಕ ಅಂಗಿಯ ಕಾಲರನ್ನು ಮತ್ತೆ ಮತ್ತೆ ಒತ್ತಿದಳು. "ನಿನಗೆ ಮಾಡೋಕೆ ಬೇರೆ ಕೆಲಸ ಇಲ್ವಾ?"

"ಇದೇ ನನ್ನ ಕೆಲಸ. ಮೂವತ್ತಾರಕ್ಕೆ ಹತ್ತಿಸಿದ್ದು ನೀನೇ ಅಲ್ವಾ?"

"ಯಾವ ಮೂವತ್ತಾರು? ನನಗೇನು ಗೊತ್ತು ಅದೆಲ್ಲ?"

"ಗೊತ್ತಿಲ್ಲದವರೇ ಹಾಗೆ ಹತ್ತಿಸೋದು ಅಕ್ಕಾ. ಈಗಷ್ಟೇ ನಾನೂ ಹತ್ತಿಸಿ ಬೈಸಿಕೊಂಡು ಬಂದೆ."

ಅಕ್ಕ ತಲೆಯೆತ್ತಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಸಂಕಟವಾಯಿತು. ಅಪ್ಪ ಅಮ್ಮ ಇಲ್ಲದ ನನ್ನನ್ನು ಅಕ್ಕನ ಮದುವೆಯಲ್ಲಿ ಭಾವ ಜೊತೆಗೇ ಕರೆತಂದಿದ್ದರು. ಒಂದು ಕೊಂಡರೆ ಒಂದು ಉಚಿತ ಅಂತ ಸಿಕ್ಕಿದ್ದು ಇವಳು ಎಂದು ಇವತ್ತಿಗೂ ತಮಾಷೆ ಮಾಡುತ್ತಾರೆ. ನನಗೆ ಜ್ವರ ಬಂದರೆ ಪಾಠಕ್ಕೆ ರಜ ಹಾಕಿ ಪಕ್ಕದಲ್ಲಿ ಕೂರುತ್ತಿದ್ದರು. ಅವರು ನನ್ನ ಪಾಲಿಗೆ ಅಪ್ಪನೇ. ಇವರಿಬ್ಬರಿಗೆ ನಾನು ಯಾವತ್ತೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದವಳಲ್ಲ. ಹೇಳಬೇಕಾದ ಹೊತ್ತಿನಲ್ಲಿ ಅಕ್ಕನನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದೆ.

"ನನಗೆ ನೀವಿಬ್ಬರು ಬಿಟ್ರೆ ಯಾರಿದ್ದಾರೆ, ಹೇಳು," ಎಂದೆ. "ಇನ್ಸ್‌ಪೆಕ್ಟರ್‌ಗೆ ಇದು ಹೊಳೆಯೋಕೆ ಮುಂಚೆ ನನಗೆ ಗೊತ್ತಾಗಬೇಕು ಅಕ್ಕಾ. ಇಲ್ದಿದ್ರೆ ಭಾವನ್ನ ಉಳಿಸೋಕಾಗಲ್ಲ."

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

"ಕ್ಯಾಪ್ಟನ್ ಮಾತಾಡ್ತಾ ಮಾತಾಡ್ತಾ, ಇರಿ, ಯಾರೋ ಬಂದ್ರು ಅಂದ್ರಂತೆ. ಹಿಂದೇನೇ ಧೊಪ್ ಅಂತ ಸದ್ದು. ಇವರು ಕರೆದರು, ಕರೆದರು. ಉತ್ತರ ಇಲ್ಲ. ನಾನು ಹಾಲಿಗೆ ಹೋಗಿ ನೋಡ್ಕೊಂಡು ಬರ್ತೀನಿ, ನೀನು ಬಂದು ಕೂತ್ಕೋ ಅಂತ ಹೆಡ್‌ಫೋನ್ ನನ್ನ ಕಿವಿಗೆ ಸಿಕ್ಕಿಸಿ ಓಡಿದ್ರು."

"ಅಂಥ ಹೊತ್ತಲ್ಲಿ ನಿನ್ನನ್ನ ಯಾಕೆ ಕೂರಿಸಿದ್ರು? ಅದೇನು ನಿಜವಾದ ವಿಮಾನವಾ?"

"ಅವರನ್ನೇ ಕೇಳು! ಎಂಜಿನ್ ಓಡ್ತಿರುವಾಗ ಸೀಟು ಖಾಲಿ ಬಿಡಬಾರದಂತೆ. ಜೀವಮಾನವೆಲ್ಲ ಅದನ್ನೇ ಪಾಠ ಹೇಳಿದವರಲ್ವಾ? ಕ್ಯಾಪ್ಟನ್‌ನ ಬೀದೀಲಿ ಮಲಗಿಸಿ, ಆಂಬುಲೆನ್ಸ್ ಬಂದಿದ್ದೇ ತಡ, ವಿಮಾನ ಬಿಟ್ಟು ಬಂದಿದ್ದೀನಿ ಅಂತ ಮನೆಗೆ ಓಡಿ ಬಂದ್ರು. ಅಂಗೈ ಚರ್ಮ ಕಿತ್ತು ಬಂದಿದೆ, ಮೊದಲು ವಿಮಾನ ಕೆಳಗಿಳಿಸಿ ಆಮೇಲೆ ಕೈ ತೋರಿಸಿದ್ರು!"

ನನಗೆ ಅಳುವಿನ ಜೊತೆಗೇ ನಗು ಬಂತು. ಅಕ್ಕನಿಗೂ ಬಂತು. ಪೊಲೀಸರು ಊರೆಲ್ಲ ತಡಕಾಡುತ್ತಿದ್ದ ಆ ಮಾಯಾವಿ, ಓಡಿಹೋದದ್ದು ಇದಕ್ಕೆ. ಕ್ಯಾಪ್ಟನ್ ಮಗಳು ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕೆಂದು ಹುಡುಕುತ್ತಿದ್ದ ಪುಣ್ಯಾತ್ಮ ನನ್ನ ಭಾವ. ಅವರನ್ನು ಉಳಿಸಿದೆನೆಂದು ನಾನು ಬೀಗುತ್ತಿದ್ದಾಗ, ನನ್ನ ಖುಷಿ ಹಾಳು ಮಾಡಬಾರದೆಂದು ಸುಮ್ಮನಿದ್ದರು.

"ನಮಗೆ ಹೇಳೋ ಧೈರ್ಯ ಬರಲಿಲ್ಲ ಕಣೇ," ಅಕ್ಕ ಅಂದಳು. "ಚಿಲಕ ತೆಗೆದವನೇ ಬೆಂಕಿ ಇಟ್ಟವನು ಅಂತ ಆ ಇನ್ಸ್‌ಪೆಕ್ಟರ್ ಶುರು ಮಾಡಿದ್ರಲ್ಲ."

"ಅದಿರಲಿ. ನೀನು ಸುಮ್ಮನೆ ಕೂತಿರೋದು ಬಿಟ್ಟು ಹತ್ತಿಸಿದ್ದು ಯಾಕೆ?"

"ಹೆಡ್‌ಫೋನಲ್ಲಿ ಹೇಳಿದ್ರು, ಹತ್ತಿಸಿದೆ. ಅಂಕಿ ತಿರುಗಿಸಿ ಒತ್ತೋದು ಎಷ್ಟು ಸಲ ನೋಡಿಲ್ಲ ನಾನು?"

"ಯಾರು ಹೇಳಿದ್ದು?"

"ಕ್ಯಾಪ್ಟನ್. ಇನ್ಯಾರು ಹೇಳ್ತಾರೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಧೊಪ್ ಎಂದು ಬಿದ್ದ ಕ್ಯಾಪ್ಟನ್‌ಗೆ ಪ್ರಜ್ಞೆ ಬಂದದ್ದು ಆಸ್ಪತ್ರೆಯಲ್ಲಿ.

ಅಕ್ಕನ ಕೈ ಅಂಗಿಯ ಮೇಲೇ ನಿಂತಿತ್ತು. ಸುಟ್ಟ ವಾಸನೆ ಬಂತು. ನಾನು ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಪಕ್ಕಕ್ಕಿಟ್ಟೆ.

"ಅಯ್ಯೋ ದೇವರೇ," ಅವಳು ಅಂದಳು. "ಬೆಂಕಿ, ಆಸ್ಪತ್ರೆ, ಪೊಲೀಸು ಅನ್ನೋ ಗಲಾಟೇಲಿ ಇದು ನನಗೆ ಹೊಳೀಲೇ ಇಲ್ಲ."

"ದನಿ ಹೇಗಿತ್ತು? ಏನಂದ್ರು? ಒಂದೊಂದು ಮಾತೂ ಹೇಳು."

"ಬಾಯಿಗೆ ಬಟ್ಟೆ ಹಿಡಿದ ಹಾಗಿತ್ತು. 'ಮೂವತ್ತಾರಕ್ಕೆ ಹತ್ತಿ. ನೇರ ಹತ್ತಿಬಿಡಿ. ಒಳ್ಳೇದಾಗ್ಲಿ' ಅಂದ್ರು. ಆ 'ಒಳ್ಳೇದಾಗ್ಲಿ'ನ ಎಳೆದು ಎಳೆದು, ಮೂಗಲ್ಲಿ ಅಂದ್ರು. ಕ್ಯಾಪ್ಟನ್ ಬೈಯೋ ಪೈಕಿ, ಹರಸೋ ಪೈಕಿ ಅಲ್ಲ. ಇವತ್ತೇನಪ್ಪಾ ಇಷ್ಟು ಮರ್ಯಾದೆ ಅಂದ್ಕೊಂಡೆ."

"ನೀನು ಏನಾದ್ರೂ ಮಾತಾಡಿದ್ಯಾ?"

"ತುಟಿ ಪಿಟಕ್ ಅನ್ಲಿಲ್ಲ."

ಅಂದರೆ ಹಾಲಿನಲ್ಲಿ ಆ ಹೊತ್ತಿಗೆ ಕೊಲ್ಲಲು ಬಂದವನು ನಿಂತಿದ್ದ. ಭಾವ ಕರೆಯುತ್ತಿದ್ದದ್ದು ಅವನಿಗೆ ಕೇಳಿಸಿತ್ತು. ಉತ್ತರ ಬಾರದಿದ್ದರೆ ಓಡಿ ಬಂದಾರೆಂದು, ಸೀಟಿಗೆ ಕಟ್ಟಿಹಾಕಲು ಬಾಯಿಗೆ ಬಂದ ಎತ್ತರ ಹೇಳಿದ. ಅಪ್ಪಣೆ ಹೇಗೆ ಕೊಡಬೇಕೆಂದು ಅವನಿಗೆ ಗೊತ್ತು. ಯಾವ ಎತ್ತರ ಕೊಡಬಾರದು ಎನ್ನುವುದು ಗೊತ್ತಿಲ್ಲ. ಕಲಿಯಲು ಬಂದು, ಪೂರ್ತಿ ಕಲಿಯದೆ ಬಿಟ್ಟವನು.

ಯಾರ ಬಗ್ಗೆಯೋ ಭಾವ ಹಾಗಂದಿದ್ದರಲ್ಲ? ಈಗಷ್ಟೇ?

ಬಾಗಿಲ ಗಂಟೆ ಸದ್ದು ಮಾಡಿತು.

ನಾನೂ ಅಕ್ಕನೂ ಊಟದ ಕೋಣೆಯಿಂದ ಈಚೆ ಬರುವಷ್ಟರಲ್ಲಿ ಸ್ನಾನ ಮುಗಿಸಿದ ಭಾವ ಬಾಗಿಲು ತೆಗೆದಾಗಿತ್ತು. ಕ್ಯಾಪ್ಟನ್ ಮಗಳು ಒಂದು ಕಾಲು ಒಳಗಿಟ್ಟು ಹಾಗೇ ನಿಂತಿದ್ದಳು. ಅವಳ ಕಣ್ಣು ಭಾವನ ಬಲಗೈ ಮೇಲಿತ್ತು. ನೀರಿಗೆ ಒದ್ದೆಯಾಗುತ್ತದೆಂದು ಬ್ಯಾಂಡೇಜ್ ಬಿಚ್ಚಿದ್ದರು. ಅಂಗೈಗೆ ಅಡ್ಡಲಾಗಿ, ಬೆರಳಗಲದ ಉದ್ದನೆಯ ಸುಟ್ಟ ಗುರುತು.

ಕಾದ ಚಿಲಕ ಎಳೆದವರ ಕೈಯಲ್ಲಿ ಅಂಥ ಗುರುತು ಇದ್ದೇ ಇರುತ್ತದೆ ಎಂದು ಅವಳಿಗೆ ಹೇಳಿದ್ದವಳು ನಾನೇ.

"ಅಂಕಲ್," ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದುಕೊಂಡಳು. "ನೀವೇನಾ? ನಿಜ ಹೇಳಿ. ನಮ್ಮಪ್ಪನ್ನ ಹೊತ್ಕೊಂಡು ಬಂದಿದ್ದು ನೀವೇನಾ?"

ಪೊಲೀಸರೆದುರು ತುಟಿ ಬಿಚ್ಚದ ಭಾವನಿಗೆ ಆ ಮುಖದೆದುರು ಸುಳ್ಳು ಹೇಳಲಾಗಲಿಲ್ಲ. "ಅವರೇನು ಭಾರ ಬಿಡಮ್ಮ," ಅಂದರು. "ಹಗುರ ಇದ್ರು."

ಆ ಹುಡುಗಿ ಭಾವನ ಕೈಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಭಾವನೂ ಅತ್ತರು. ಏನೇ ಆಗಲಿ, ಆ ಕ್ಷಣ ನೋಡಲು ಸಿಕ್ಕಿದ್ದಕ್ಕೆ ನಾನು ಇವತ್ತಿಗೂ ಕೃತಜ್ಞಳು. ನನ್ನ ಭಾವನಿಗೆ ಸಲ್ಲಬೇಕಾದದ್ದು ಸಂದಿತ್ತು.

ಅವಳ ಹಿಂದೆ ನಿಂತಿದ್ದ ಅಳಿಯ ಮುಂದೆ ಬಂದ. ಮಾತು ಕಡಿಮೆ, ವಿನಯ ಜಾಸ್ತಿ. ಹೆಂಡತಿಯನ್ನು ನನ್ನ ಆಫೀಸಿಗೆ ಕರೆತಂದಾಗಲೂ ಹೊರಗೆ ಕಾರಿನಲ್ಲೇ ಕೂತಿರುತ್ತಿದ್ದವನು. ಅಕ್ಕನಂತೂ ಅವನನ್ನು ಮುಖತಃ ನೋಡುತ್ತಿರುವುದು ಇದೇ ಮೊದಲು. ಅವನು ಭಾವನಿಗೆ ಕೈ ಮುಗಿದ.

"ನಿಮ್ಮ ಋಣ ತೀರಿಸೋಕೆ ಆಗಲ್ಲ ಸಾರ್. ನಮ್ಮ ಮಾವನ ಜೀವ ಉಳಿಸಿದ್ರಿ. ಒಳ್ಳೇದಾಗ್ಲಿ."

ಎಳೆದು ಎಳೆದು, ಮೂಗಿನಲ್ಲಿ.

ಅಕ್ಕ ನನ್ನ ಮುಂಗೈ ಹಿಡಿದಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಅದೇ ಬಿಗಿ. ಅವಳು ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನಿರು ಎಂದು ನಾನು ಅವಳ ಬೆರಳನ್ನು ಒತ್ತಿದೆ. ನಮ್ಮಿಬ್ಬರಿಗೆ ಗೊತ್ತು ಎನ್ನುವುದು ಅವನಿಗೆ ಗೊತ್ತಾಗದಿದ್ದರೆ ಸಾಕು. ಕಾಫಿ ಕುಡಿಸಿ ಕಳಿಸಿ, ನೇರ ಇನ್ಸ್‌ಪೆಕ್ಟರ್ ಬಳಿ ಹೋಗಬಹುದು.

ಅಳಿಯ ಮುಗಿದ ಕೈಯನ್ನು ಕೆಳಗಿಳಿಸಿದ. ಅವನ ಹಣೆಯಲ್ಲಿ ಒಂದು ಗೆರೆ ಮೂಡಿತು.

"ಒಂದು ಮಾತು ಸಾರ್," ಅವನು ಮೃದುವಾಗಿ ಕೇಳಿದ. "ಆವತ್ತು ನಿಮ್ಮ ವಿಮಾನ ಮೇಲಕ್ಕೆ ಹತ್ತಿತು, ಅದಕ್ಕೇ ನಿಮ್ಮನ್ನ ಬಿಟ್ರು ಅಂತ ಕೇಳಿದ್ದೆ. ನೀವು ಹಾಲಿಗೆ ಬಂದಿದ್ರಿ ಅಂದ್ರೆ, ಇಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದವರು ಯಾರು?"

"ಭಾವಾ," ಎಂದೆ ನಾನು, "ಒಳಗೆ ಫೋನ್..."

ಭಾವ ನನ್ನ ಕಡೆ ತಿರುಗಲೂ ಇಲ್ಲ. ಎಷ್ಟೋ ದಿನದಿಂದ ಹೊತ್ತಿದ್ದ ಭಾರ ಇಳಿದಿತ್ತು, ಮುಖದ ತುಂಬ ನಗು ಇತ್ತು. ಹೆಂಡತಿಗೂ ಒಂದಿಷ್ಟು ಹೊಗಳಿಕೆ ಸಲ್ಲಲಿ ಎನ್ನುವ ಹೆಮ್ಮೆಯಿಂದ ಅವರು ಕೈ ಚಾಚಿ ಅಕ್ಕನನ್ನು ತೋರಿಸಿದರು.

"ಇನ್ಯಾರು, ನಮ್ಮನೆಯವಳೇ. ನಾನು ವಾಪಸ್ ಬರೋವರೆಗೂ ಅಲ್ಲಾಡದೆ ಕೂತು, ಒಂದು ಮಾತೂ ಬಿಡದೆ ಎಲ್ಲಾ ಕೇಳಿಸ್ಕೊಂಡಿದ್ದಾಳೆ."

ಅಳಿಯ ಅಕ್ಕನ ಕಡೆ ನೋಡಿದ. ಆಮೇಲೆ ಹಿಂದೆ ಕೈ ಚಾಚಿ, ತೆರೆದೇ ಇದ್ದ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಒಳಗಿನಿಂದ ಚಿಲಕ ಹಾಕಿದ.